ಆಕಾಶದವರ ವಕೀಲರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅಣ್ಣನ ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆಗಾಗಿ ಯಾರ ಜೊತೆಗೋ ಜಗಳವಾಡುತ್ತಿದ್ದೆ. ಸುದ್ದಿ ತಂದವನು, “ನಿಮ್ಮ ಇನ್‌ಕಮ್ ಟ್ಯಾಕ್ಸ್ ಸಾಹೇಬರು ಹೋದ್ರು” ಎಂದ. ನನ್ನ ಬಾಯಿಂದ ಹೊರಟ ಮೊದಲ ಮಾತು, “ಎಲ್ಲಿ?” ಯಾವಾಗ, ಹೇಗೆ ಎಂದು ಕೇಳುವುದು ಲೋಕರೂಢಿ. ಆದರೆ ಅವರ ಕೈಕೆಳಗೆ ಅಷ್ಟು ವರ್ಷ ಟೈಪು ಕುಟ್ಟಿದವಳಿಗೆ ಮನುಷ್ಯರ ಬಗ್ಗೆ ಕೇಳಬೇಕಾದ ಪ್ರಶ್ನೆ ಅದೊಂದೇ. “ಖಡಕಿಯಲ್ಲಿ, ಮೇಲಿನ ಖೋಲಿಯಲ್ಲೇ” ಎಂದ ಅವನು. ಅಳು ಬಂತು, ಅದರ ಜೊತೆಗೆ ಸಮಾಧಾನವೂ ಆಯಿತು.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಈಗ ಇರುವಲ್ಲಿಂದಲೇ ಫೀ ಕೇಳಿ ಕಳಿಸುವ ಪೈಕಿ ಅವರು.

ಪುಣೆಯ ಪೇಟೆಯಲ್ಲಿ, ಸೀರೆ ಅಂಗಡಿಯೊಂದರ ಮಾಳಿಗೆಯ ಮೇಲೆ ನಮ್ಮ ಕಚೇರಿ. ಧಾರವಾಡದ ಕಡೆಯವರಾದ ಅವರು ನಿಜಕ್ಕೂ ವಕೀಲರಲ್ಲ, ಆದಾಯ ತೆರಿಗೆಯ ಸಲಹೆಗಾರರು. ಆದರೆ ಮಾತು ನಿಲ್ಲಿಸದವರನ್ನೆಲ್ಲ ಜನ ವಕೀಲರೆಂದೇ ಕರೆಯುವುದರಿಂದ ಇವರೂ ವಕೀಲ್ ಸಾಹೇಬರಾದರು. ನಾನು ಕುಂದಾಪುರದ ಕಡೆಯವಳು. ಎಪ್ಪತ್ತರ ದಶಕದ ನಡುವೆ ಕೆಲಸ ಕೇಳಿಕೊಂಡು ಹೋದಾಗ ಅವರು ನನ್ನ ಟೈಪಿಂಗ್ ಸರ್ಟಿಫಿಕೇಟಿನ ಕಡೆ ಕಣ್ಣೂ ಹಾಯಿಸಲಿಲ್ಲ. “ತಂಗೀ, ನಿಮ್ಮ ಕಡೀ ಮಂದಿ ಹೋಟೆಲ್ ಬಿಟ್ಟು ಬ್ಯಾರೆ ಕೆಲಸಾ ಮಾಡ್ತಾರಂತ ನನಗ ಗೊತ್ತಿರ್ಲಿಲ್ಲ” ಎಂದರು. “ನಿಮ್ಮ ಕಡೆಯವರು ಕೆಲಸ ಮಾಡ್ತಾರೆ ಅಂತ ನನಗೂ ಗೊತ್ತಿರಲಿಲ್ಲ ಮಾರಾಯ್ರೆ” ಎಂದೆ. ಮರುದಿನದಿಂದಲೇ ಬರಲು ಹೇಳಿದರು.

ನಮ್ಮ ಕಕ್ಷಿಗಾರರಲ್ಲಿ ಅರ್ಧಕ್ಕರ್ಧ ಜನ ಆಕಾಶದವರು. ಕೊಲ್ಲಿಯ ದೇಶಗಳ ವಿಮಾನಗಳಲ್ಲಿ ಊಟ ಬಡಿಸುವ ಹುಡುಗರು, ಗಗನಸಖಿಯರು, ಎಂಜಿನ್ ನೋಡಿಕೊಳ್ಳುವವರು. ಮನೆ ಪುಣೆಯಲ್ಲಿ, ನೌಕರಿ ಬೇರೆ ದೇಶದಲ್ಲಿ, ಸಂಬಳ ಹುಟ್ಟುವುದು ಮೋಡದ ಮೇಲೆ. ಮೊದಲು ಒಬ್ಬ ಬಂದ, ಅವನಿಗೆ ಕೆಲಸ ಸಲೀಸಾಯಿತು. ಯಾವುದೋ ದೇಶದ ಹೋಟೆಲಿನಲ್ಲಿ ಕೂತು ಅವನು ಇನ್ನೊಬ್ಬನಿಗೆ ಹೇಳಿದ. ಹೀಗೆ ಸುದ್ದಿ ಹಾರಿಕೊಂಡೇ ಹಬ್ಬಿ, ನಮ್ಮ ಕಿರಿದಾದ ಮೆಟ್ಟಿಲಿನ ತುಂಬ ಅತ್ತರಿನ ವಾಸನೆ ಶುರುವಾಯಿತು.

ಒಬ್ಬ ಹುಡುಗ ಬಂದವನೇ ವಾದಕ್ಕಿಳಿದ. ತಾನು ದುಡಿಯುವುದು ಆಕಾಶದಲ್ಲಿ, ಅಲ್ಲಿ ಯಾವ ಸರ್ಕಾರವೂ ಇಲ್ಲ, ಹಾಗಿರುವಾಗ ತೆರಿಗೆ ಯಾರಿಗೆ ಕೊಡಬೇಕು ಎಂದು ಅವನ ಪ್ರಶ್ನೆ. ಇವರು ಶೇಂಗಾ ಅಗಿಯುತ್ತ ಪೂರ್ತಿ ಕೇಳಿಸಿಕೊಂಡರು. “ಆಕಾಶದಾಗ ಸರಕಾರ ಇಲ್ಲ, ಖರೆ. ಆದ್ರ ಮಲಗಾಕ ಎಲ್ಲೆ ಇಳೀತೀಯಪಾ? ಅದನ್ನ ಹೇಳು. ಸರಕಾರ ಅಲ್ಲೇ ಕುಂತಿರ್ತದ” ಎಂದರು.

ಆ ಶೇಂಗಾದ ಸಂಗತಿಯನ್ನೂ ಹೇಳಬೇಕು. ಕಕ್ಷಿಗಾರರು ಪ್ರೀತಿಯಿಂದ ಸಾಬೂನು, ಚಾಕಲೇಟು, ಸಿಗರೇಟು ತಂದುಕೊಡುತ್ತಿದ್ದರು. ಇವರು ಒಂದನ್ನೂ ಮುಟ್ಟುತ್ತಿರಲಿಲ್ಲ. ಅವರಿಗೆ ಬೇಕಾದದ್ದು, ವಿಮಾನದಲ್ಲಿ ವಾಂತಿ ಬಂದರೆ ಇರಲಿ ಎಂದು ಸೀಟಿನ ಮುಂದೆ ಇಟ್ಟಿರುತ್ತಾರಲ್ಲ, ಆ ಕಾಗದದ ಚೀಲಗಳು. “ಎಂಥಾ ಗಟ್ಟಿ ಕಾಗದ ನೋಡು ತಂಗೀ, ಎಣ್ಣಿ ಸೈತ ಸೋರಂಗಿಲ್ಲ” ಎಂದು ಹೊಗಳಿ ಒಂದರಲ್ಲಿ ಶೇಂಗಾ, ಒಂದರಲ್ಲಿ ಎಲೆ ಅಡಿಕೆ, ಒಂದರಲ್ಲಿ ಚಟ್ನಿಪುಡಿ ತುಂಬಿಡುತ್ತಿದ್ದರು. ಜೇಜುರಿಯ ಯಾತ್ರೆಗೆ ಹೊರಟರೂ ಕೈಯಲ್ಲಿ ಅದೇ ಚೀಲ. ಎಸ್.ಟಿ. ಬಸ್ಸಿನಲ್ಲಿ ಪಕ್ಕದವರಿಗೆ ಅದರೊಳಗಿಂದ ಅವಲಕ್ಕಿ ಕೊಟ್ಟಾಗ, ವಿಮಾನ ಕಂಡವರು ಮುಖ ಕಿವಿಚುತ್ತಿದ್ದರು, ಕಾಣದವರು ಖುಷಿಯಿಂದ ತಿನ್ನುತ್ತಿದ್ದರು. ಇವರು ಸ್ವತಃ ಒಮ್ಮೆಯೂ ವಿಮಾನ ಹತ್ತಲಿಲ್ಲ.

ಇನ್ನು ಕಾಯಿದೆಯ ಮಾತು. ಹೆದರಬೇಡಿ, ಅದು ಸಣ್ಣದು, ಆದರೆ ಅದಿಲ್ಲದೆ ಈ ಮನುಷ್ಯ ಅರ್ಥವಾಗುವುದಿಲ್ಲ. ವರ್ಷದಲ್ಲಿ ಹೆಚ್ಚಿನ ಕಾಲ ದೇಶದ ಹೊರಗಿದ್ದವನು ಹೊರಗಿನವನು, ಅವನ ಹೊರಗಿನ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ಇಷ್ಟು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಕಾಲದಲ್ಲಿ ಇನ್ನೊಂದು ಕಲಮು ಇತ್ತು. ನಿಮಗಾಗಿ ಇಲ್ಲೊಂದು ಮನೆ ಇಟ್ಟುಕೊಂಡಿದ್ದರೆ, ನೀವು ರಜೆಗೆಂದು ಬಂದು ಒಂದಷ್ಟು ದಿನ ಇದ್ದು ಹೋದರೂ ಸಾಕು, ನೀವು ಇಲ್ಲಿಯವರೇ. ಆಗ ಎಲ್ಲಿ ದುಡಿದರೂ ಇಲ್ಲಿ ಲೆಕ್ಕ ಒಪ್ಪಿಸಬೇಕು. ತಾಯಂದಿರು, ಅಕ್ಕತಂಗಿಯರು, ಹೆಂಡಂದಿರು ಪ್ರೀತಿಯಿಂದ ಬೀಗ ಹಾಕಿ ಕಾದಿಟ್ಟ ಒಂದೊಂದು ಖೋಲಿಯೂ ಹುಡುಗರ ಕುತ್ತಿಗೆಗೆ ಉರುಳಾಗುತ್ತಿತ್ತು.

ಹಾಗಾಗಿ ಇವರು ಮನೆಮನೆಗೆ ಹೋಗಿ ಮನೆ ಬಿಡಿಸುವ ಕೆಲಸ ಹಿಡಿದರು. ಬಾಗಿಲ ಮೇಲಿನ ಮಗನ ಹೆಸರಿನ ಹಲಗೆ ತೆಗೆಸುವುದು, ಮಂಚ ಮಾರಿಸುವುದು, ಖೋಲಿಯನ್ನು ಬಾಡಿಗೆಗೆ ಹಚ್ಚಿಸುವುದು. “ಇನ್ನ ಮ್ಯಾಲೆ ಮಗಾ ಬಂದ್ರ ಪಾವಣ್ಯಾ. ಎರಡ್ ದಿನಾ ಹೋಳಿಗಿ ಮಾಡ್ರಿ, ಮೂರನೇ ದಿನಾ ಯಾವಾಗ ಹೊಂಡ್ತೀಯಪಾ ಅಂತ ಕೇಳ್ರಿ.” ಪಾವಣ್ಯಾ ಎಂದರೆ ಅತಿಥಿ. ಪುಣೆಯ ಅದೆಷ್ಟೋ ತಾಯಂದಿರು ಇವರಿಗೆ ಬೆನ್ನ ಹಿಂದೆ ಶಾಪ ಹಾಕಿದರು, ಮುಂದೆಯೇ ಹಾಕಿದವರೂ ಉಂಟು.

ಒಮ್ಮೆ ನಾನೇ ಕೇಳಿದೆ, “ಅಲ್ಲ ಮಾರಾಯ್ರೆ, ಇದೆಲ್ಲ ಎಂತ ಸುಮ್ಮನೆ? ಖೋಲಿ ಮಗನದ್ದಲ್ಲ ಅಂತ ಹೇಳಿಬಿಟ್ಟರೆ ಮುಗೀತಲ್ಲ?”

ಅವರಿಗೆ ನಿಜವಾಗಿಯೇ ಸಿಟ್ಟು ಬಂತು. “ಸುಳ್ಳ ಹೇಳಸೂದು ನನ್ನ ಕೆಲಸಾ ಅಲ್ಲ. ಮೊದ್ಲ ಖರೇನ ಮಾಡಿ ಇಡೂದು, ಆಮ್ಯಾಲೆ ಹೇಳೂದು. ಹಾಂಗ ಮಾಡಿದ್ರ ರಾತ್ರಿ ನಿದ್ದಿ ಬರ್ತದ.”

ಪುಣೆಯ ಅಂಚಿನ ಖಡಕಿಯ ಅಕ್ಕ ನಮ್ಮ ಕಚೇರಿಗೆ ಬಂದದ್ದು ಇಂಥ ಕಾಲದಲ್ಲಿ. ಆಕೆ ವಿಜಾಪುರದ ಕಡೆಯ ವಿಧವೆ. ಫ್ಯಾಕ್ಟರಿ ಕೆಲಸಗಾರರಿಗೆ ಜೋಳದ ರೊಟ್ಟಿಯ ಖಾನಾವಳಿ ನಡೆಸುತ್ತಿದ್ದಳು. ತಮ್ಮನನ್ನು ಸಾಕಿ ಓದಿಸಿದ್ದಳು, ಅವನು ಕೊಲ್ಲಿಯ ವಿಮಾನದಲ್ಲಿ ನೌಕರಿ ಹಿಡಿದಿದ್ದ. ಕೆಳಗೆ ಖಾನಾವಳಿ, ಅದರ ಹಿಂದೆ ಅಕ್ಕನ ವಾಸ. ಮೇಲೊಂದು ಖೋಲಿ, ಅದರ ಬಾಡಿಗೆಯನ್ನು ತಮ್ಮನೇ ಕಳಿಸುತ್ತಿದ್ದ. ಆಗಷ್ಟೇ ಮಾಲೀಕ ಕಟ್ಟಡ ಮಾರಲು ಹೊರಟಿದ್ದ. ತಮ್ಮ ಉಳಿಸಿದ ದುಡ್ಡು ಕೈಗೆ ಬಂದರೆ ಅಕ್ಕ ಅದನ್ನು ಕೊಳ್ಳಬಹುದು. ಆದರೆ ತೆರಿಗೆ ಇಲಾಖೆಯಿಂದ ತಮ್ಮನಿಗೆ ನೋಟಿಸು ಬಂದಿತ್ತು. ಅವನು ಇಲ್ಲಿಯವನೇ ಎಂದಾದರೆ ಆ ದುಡ್ಡು ತೆರಿಗೆಗೆ ಹೋಗುತ್ತದೆ, ದುಡ್ಡು ಹೋದರೆ ಖಾನಾವಳಿ ಹೋಗುತ್ತದೆ, ಖಾನಾವಳಿ ಹೋದರೆ ಅಕ್ಕ ಬೀದಿಗೆ ಬರುತ್ತಾಳೆ.

ಇವರು ನನ್ನನ್ನೂ ಕರೆದುಕೊಂಡು ಖಡಕಿಗೆ ಹೋದರು. ಅಕ್ಕ ಮೇಲಿನ ಖೋಲಿಯ ಬೀಗ ತೆಗೆದು, ಹಾಸಿಗೆಯ ಮೇಲಿನ ಹೊಸ ಚಾದರವನ್ನು ಇನ್ನೊಮ್ಮೆ ಸವರಿ, ಅಭಿಮಾನದಿಂದ ಹೇಳಿದಳು, “ಇದು ನನ್ನ ತಮ್ಮನ ಖೋಲಿ ನೋಡ್ರಿ ವಕೀಲರ. ಅವಾ ಬರೂತನಾ ಯಾರಿಗೂ ಕಾಲಿಡಾಕ ಬಿಟ್ಟಿಲ್ಲ.”

ಇವರು ಹಣೆ ಹಣೆ ಚಚ್ಚಿಕೊಂಡರು. “ಬಾಯಾರ, ಇದನ್ನ ನನ್ನ ಮುಂದ ಹೇಳಿದ್ರಿ, ಪುಣ್ಯಾ. ಇನ್‌ಸ್ಪೆಕ್ಟರ್ ಮುಂದ ಹೇಳಿದ್ರ ನಿಮ್ಮ ತಮ್ಮ ಪುಣೇದಾವ ಆಗ್ತಾನ.”

“ಅವಾ ಪುಣೇದಾವ ಅಲ್ಲೇನ್ರಿ ಮತ್ತ?”

“ಊಟಕ್ಕ ಹೌದು. ತೆರಿಗಿಗೆ ಅಲ್ಲ.”

ಅಲ್ಲಿಯೇ ತಾಲೀಮು ಶುರುವಾಯಿತು. ಇವರೇ ಇನ್‌ಸ್ಪೆಕ್ಟರ್ ಆಗಿ ಗಂಟಲು ದಪ್ಪ ಮಾಡಿ ಕೇಳಿದರು, “ಈ ಖೋಲಿ ಯಾರ್ದು?” ಅಕ್ಕ ಕೈಕಟ್ಟಿ ನಿಂತು, “ನನ್ನ ತಮ್ಮಂದ್ರಿ” ಎಂದಳು. “ಬಾಯಾರ!” “ಮತ್ತ ಖರೇ ಹೇಳಬ್ಯಾಡೇನ್ರಿ?” ತಮ್ಮದೇ ತತ್ವ ಎದುರಿಗೆ ಸೀರೆಯ ಸೆರಗು ಸಿಕ್ಕಿಸಿ ನಿಂತಿದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಖರೆ ಮಾಡಲು ಖೋಲಿಗೊಬ್ಬ ಬಾಡಿಗೆದಾರ ಬೇಕು. ಇವರು ಹುಡುಕಿ ತಂದರು, ಅಕ್ಕ ಒಬ್ಬೊಬ್ಬರನ್ನೇ ಒಲ್ಲೆ ಎಂದಳು. ಒಬ್ಬ ಬೀಡಿ ಸೇದುತ್ತಾನೆ. ಇನ್ನೊಬ್ಬನ ಕಣ್ಣು ಸರಿಯಿಲ್ಲ. ಮತ್ತೊಬ್ಬನನ್ನು ರೊಟ್ಟಿ ಹಾಕಿ ಪರೀಕ್ಷೆ ಮಾಡಿದಳು. ಒಂದಕ್ಕೇ ಕೈ ತೊಳೆದ. “ಉಣ್ಣಾಕ ಬರಲಾರದಾಂವ ಬಾಡಿಗಿ ಏನ್ ಕೊಡ್ತಾನ?” ಎಂದು ಅವನನ್ನೂ ಕಳಿಸಿದಳು. ಇವರಿಗೆ ತಾಳ್ಮೆ ಕೆಟ್ಟು, “ಹಂಗಾದ್ರ ಎಂಥಾವ ಬೇಕ್ರೀ ನಿಮಗ?” ಎಂದು ಕೂಗಿದರು. ಅಕ್ಕ ನಾಲ್ಕು ರೊಟ್ಟಿ ಖಾಲಿ ಮಾಡಿದ್ದ ಅವರ ತಾಟಿನಲ್ಲಿ ಉಳಿದಿದ್ದ ಖಾರವನ್ನು ನೋಡಿದಳು, ಅವರನ್ನು ನೋಡಿದಳು. “ನೀವ ಬರ್ರಲಾ” ಎಂದಳು.

ಮದುವೆಯಿಲ್ಲದ ಈ ಐವತ್ತರ ಗಂಡಸು ನಾರಾಯಣ ಪೇಟೆಯ ಒಂದು ಹಳೇ ವಠಾರದಂಥ ವಾಡೆಯಲ್ಲಿ ಮಂಚವೊಂದನ್ನು ಬಾಡಿಗೆಗೆ ಹಿಡಿದು ಬದುಕುತ್ತಿದ್ದರು. ನನ್ನ ಕಡೆ ನೋಡಿದರು. ನಾನು ಮಜ್ಜಿಗೆ ಕುಡಿಯುವುದರಲ್ಲಿ ಮಗ್ನಳಾದೆ. ಆ ಅಮಾವಾಸ್ಯೆ ಕಳೆದ ಮೇಲೆ ಒಂದು ಟ್ರಂಕು ಹೊತ್ತುಕೊಂಡು ಖಡಕಿಗೆ ಹೋದರು. ಬಾಡಿಗೆ ಚೀಟಿ ಅವರ ಹೆಸರಿಗಾಯಿತು. ರಜೆಗೆ ಬಂದ ತಮ್ಮ ಖಾನಾವಳಿಯಲ್ಲಿ ಎರಡು ಬೆಂಚು ಜೋಡಿಸಿಕೊಂಡು ಮಲಗಿದ. ಫಾರಿನ್ನಿನ ಹೊದಿಕೆ ಹೊದ್ದು, ಒಗ್ಗರಣೆಯ ಘಾಟಿಗೆ ಸೀನುತ್ತ ಏಳುತ್ತಿದ್ದ. ಓಣಿಯವರು ಏನೇನೋ ಆಡಿಕೊಂಡರು. ಅಕ್ಕನ ಕಿವಿಗೆ ಅದು ಬಿದ್ದ ದಿನ, ಆಡಿದವರಿಗೆ ಸಾರಿನಲ್ಲಿ ಖಾರ ಹೆಚ್ಚಾಯಿತು.

ಇನ್‌ಸ್ಪೆಕ್ಟರ್ ಬಂದದ್ದು ಮರುವರ್ಷ, ಊಟದ ಹೊತ್ತಿಗೆ. ಬೆಳಗಾವಿಯ ಕಡೆಯವನು, ಕನ್ನಡ ಮರಾಠಿ ಎರಡೂ ಬಲ್ಲ ಮನುಷ್ಯ. ಅಕ್ಕ ತಾಲೀಮಿನಂತೆ, “ಖೋಲಿ ವಕೀಲರದ್ರಿ. ತಮ್ಮ ಬಂದ್ರ ಪಾವಣ್ಯಾ” ಎಂದು ಒಂದೇ ಉಸಿರಿಗೆ ಒಪ್ಪಿಸಿ ಅಡಿಗೆಮನೆಗೆ ಓಡಿದಳು. ಇನ್‌ಸ್ಪೆಕ್ಟರ್, ಇವರು, ಅಂದು ಇವರ ಫೈಲು ಹಿಡಿದು ಖಡಕಿಗೆ ಬಂದಿದ್ದ ನಾನು, ಹೀಗೆ ಮೂವರು ಮೇಲೆ ಹತ್ತಿದೆವು. ಬಾಗಿಲು ತೆರೆಯಿತು.

ಊರಿನವರ ಮನೆಗಳನ್ನೆಲ್ಲ ಬಿಡಿಸಿದ ಈ ಪುಣ್ಯಾತ್ಮ, ತಾನು ವಾಸವಾಗಿದ್ದ ಖೋಲಿಯಲ್ಲಿ ಒಂದು ಮೊಳೆಯನ್ನೂ ಅಲುಗಿಸಿರಲಿಲ್ಲ! ಗೋಡೆಯ ಮೇಲೆ ತಮ್ಮನ ಶಾಲೆಯ ಫೋಟೋ, ಮೂಲೆಯಲ್ಲಿ ತಮ್ಮನ ಬ್ಯಾಟು, ಸೂರಿನಿಂದ ನೇತಾಡುವ ತಗಡಿನ ವಿಮಾನ. ಇವರದೆಂದರೆ ಮಂಚದ ಕೆಳಗೊಂದು ಟ್ರಂಕು, ಗೂಟಕ್ಕೊಂದು ಕೋಟು. ಧರ್ಮಶಾಲೆಯಲ್ಲಿ ಇಳಿದುಕೊಂಡವರ ಹಾಗೆ ಒಂದು ವರ್ಷ ಇದ್ದುಬಿಟ್ಟಿದ್ದರು. ಅಷ್ಟು ಅಕ್ಕರೆಯಿಂದ ಕಾದಿಟ್ಟ ವಸ್ತುಗಳಿಗೆ ಕೈ ಹಚ್ಚಲು ಸಂಕೋಚವಾಯಿತಂತೆ. ಆ ಸಂಕೋಚದಿಂದ ಈಗ ಖಾನಾವಳಿ ಹೋಗುವುದರಲ್ಲಿತ್ತು.

ಇನ್‌ಸ್ಪೆಕ್ಟರ್ ಬ್ಯಾಟನ್ನು ಎತ್ತಿ ನೋಡಿ ಇಟ್ಟ. “ಈ ವಯಸ್ಸಿನಾಗ ಕ್ರಿಕೆಟ್ ಆಡ್ತೀರೇನ್ರಿ ಸಾಹೇಬ್ರ?” ಎಂದ. ಆಮೇಲೆ ನಗು ನಿಲ್ಲಿಸಿ, “ನೀವು ಇಲ್ಲೆ ಖರೇನ ಇರ್ತೀರೋ, ಕಾಗದದ ಮ್ಯಾಲೆ ಇರ್ತೀರೋ?” ಎಂದು ಕೇಳಿದ.

ಯಾವ ಮಾತಿಗೂ ತಿರುಗುತ್ತರ ಕೊಡುತ್ತಿದ್ದವರು ಈಗ ಗೂಟದ ಕೋಟನ್ನು ತೆಗೆದು ಮತ್ತೆ ಅಲ್ಲಿಗೇ ಸಿಕ್ಕಿಸಿದರು. ಖರೆ ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲವೋ ಏನೋ.

ಮಜ್ಜಿಗೆಯ ತಂಬಿಗೆ ಹಿಡಿದು ಮೆಟ್ಟಿಲು ಹತ್ತಿ ಬಂದ ಅಕ್ಕನಿಗೆ ಆ ಪ್ರಶ್ನೆ ಕೇಳಿಸಿತು. ತಂಬಿಗೆಯನ್ನು ಕಿಟಕಿಯಲ್ಲಿ ಕುಕ್ಕಿದಳು.

“ಇರ್ತಾರೇನು ಅಂತ ಕೇಳ್ತೀರಿ? ಇವರು ಇಲ್ಲಂದ್ರ ನನಗ್ಯಾಕ ಬರ್ತಿತ್ತು ಈ ಗೋಳು? ಕೋಳಿ ಏಳೂದಕ್ಕಿಂತ ಮೊದ್ಲ ಎದ್ದು ಕೆಮ್ಮಿ ಕೆಮ್ಮಿ ಓಣೀನ ಎಬ್ಬಸ್ತಾರ. ಹಸೀ ಟಾವೆಲ್ ಹಾಸಗಿ ಮ್ಯಾಲೆ ಒಗೀತಾರ. ಹೇಳಿ ಹೇಳಿ ನನ್ನ ಬಾಯಿ ಸವದು ಹೋತು. ಶೇಂಗಾ ತಿಂದು ಸಿಪ್ಪಿ ಕಿಡಕ್ಯಾಗಿಂದ ಚೆಲ್ತಾರ, ಕೆಳಗ ಉಣ್ಣಾವ್ರ ತಾಟಿನಾಗ ಬೀಳ್ತಾವ. ಬದನಿಕಾಯಿ ಮಾಡಿದ್ರ ಮಾರಿ ಆ ಕಡೆ ತಿರವತಾರ, ಮಾಡ್ಲಿಲ್ಲಂದ್ರ ಯಾಕ ಮಾಡ್ಲಿಲ್ಲಂತ ಕೇಳ್ತಾರ. ನಳ ಬಂದದ, ಒಂದ್ ಕೊಡಾ ನೀರ ಹಿಡೀರಿ ಅಂದ್ರ ಕಲಮ್ ಹೇಳ್ತಾರ್ರಿ, ಕಲಮ್! ಕಲಮ್ ಹಾಕಿ ಬ್ಯಾಳಿ ಬೇಯಸ್ಲೇನು? ಮ್ಯಾಲೆ ಆ ವಾಂತಿ ಚೀಲಾ ಬ್ಯಾರೆ ಮನಿತುಂಬ...”

ಉಸಿರು ತೆಗೆದುಕೊಳ್ಳಲು ಆಕೆ ನಿಂತಾಗ ಇನ್‌ಸ್ಪೆಕ್ಟರ್ ಎರಡೂ ಕೈ ಎತ್ತಿದ. “ಸಾಕ್ರಿ ಅಕ್ಕಾರ, ಸಾಕು. ಕಾಗದದ ಮ್ಯಾಲೆ ಇದ್ದವ್ರನ್ನ ಯಾರೂ ಹಿಂಗ ಬೈಯೂದಿಲ್ಲ.” ಫೈಲು ಮುಚ್ಚಿ ಕೆಳಗಿಳಿದು ರೊಟ್ಟಿ ಉಂಡ. ಬೇಡವೆಂದರೂ ಕೇಳದೆ ಊಟದ ದುಡ್ಡು ಕೊಟ್ಟೇ ಹೋದ.

ಖಡಕಿಯಿಂದ ಕಚೇರಿಗೆ ವಾಪಸು ಬರುವ ಬಸ್ಸಿನಲ್ಲಿ ಇವರ ಕಿವಿ ಕೆಂಪಾಗಿದ್ದವು. “ತಂಗೀ, ನನ್ನೊಳಗ ಇಷ್ಟ ತಪ್ಪು ಅವ ಅಂತ ನನಗ ಗೊತ್ತಿರ್ಲಿಲ್ಲ” ಎಂದರು. ಶಿವಾಜಿನಗರ ದಾಟಿದ ಮೇಲೆ, “ಬದನಿಕಾಯಿದು ಸೈತ ಲಕ್ಷ್ಯಾ ಇಟ್ಟಾರ ನೋಡು” ಎಂದು ಕಿಟಕಿಯ ಕಡೆ ತಿರುಗಿ ಕೂತರು. ನನಗೆ ಹೊಟ್ಟೆಕಿಚ್ಚೇ ಆಯಿತು ಎನ್ನಬೇಕು. ನನ್ನನ್ನು ಹಾಗೆ ಲಕ್ಷ್ಯವಿಟ್ಟು ಯಾರೂ ಬೈದಿರಲಿಲ್ಲ.

ತಮ್ಮ ಹೊರಗಿನವನೆಂದು ತೀರ್ಮಾನವಾಯಿತು. ದುಡ್ಡು ಉಳಿಯಿತು, ಕಟ್ಟಡ ಕೊಂಡರು. ತಮ್ಮನ ಹೆಸರಿಗೆ ಬೇಡವೇ ಬೇಡ, ಮತ್ತೆ ಅದೇ ಕಲಮಿನ ಕಾಟ ಎಂದು ಹಟ ಹಿಡಿದು ಅಕ್ಕನ ಹೆಸರಿಗೇ ಮಾಡಿಸಿದವರು ಇವರು. ಅಕ್ಕ ಮಾಲಕಿಯಾದ ಮೊದಲ ತಿಂಗಳೇ ಇವರ ಬಾಡಿಗೆ ಏರಿಸಿದಳು. ಇವರು ಅದನ್ನು ಕಚೇರಿಗೆ ಬಂದವರಿಗೆಲ್ಲ ಸಂಭ್ರಮದಿಂದ ಹೇಳಿಕೊಂಡು ತಿರುಗಿದರು.

ಎಂಬತ್ತರ ದಶಕ ಹುಟ್ಟಿ ಸ್ವಲ್ಪ ಕಾಲವಾಗಿತ್ತು. ಬಜೆಟ್ಟಿನ ಮರುದಿನ ಕಚೇರಿಗೆ ಹೋದರೆ ಇವರು ಪೇಪರು ಹಿಡಿದು ಮಂಕಾಗಿ ಕೂತಿದ್ದಾರೆ. ಮನೆ ಇಟ್ಟುಕೊಂಡರೆ ಇಲ್ಲಿಯವನು ಎನ್ನುವ ಆ ಕಲಮನ್ನೇ ಸರ್ಕಾರ ತೆಗೆದುಹಾಕುತ್ತಿತ್ತು. ಇನ್ನು ಮೇಲೆ ಎಷ್ಟು ದಿನ ಇದ್ದ ಎನ್ನುವುದಷ್ಟೇ ಲೆಕ್ಕ, ಖೋಲಿ ಯಾರದಾದರೂ ಆಗಲಿ. “ಒಳ್ಳೆಯದೇ ಆಯ್ತಲ್ಲ ಮಾರಾಯ್ರೆ” ಎಂದೆ. “ಛಲೋನ ಆತು” ಎಂದರು, ಯಾರೋ ಹೋದಾಗ ಹೇಳುವ ದನಿಯಲ್ಲಿ.

ಕಕ್ಷಿಗಾರರಿಗೆಲ್ಲ ಅಂದೇ ಕಾಗದ ಬರೆಸಿದರು. ಪುಣೆಯ ತಾಯಂದಿರು ಮಂಚ ಕೊಂಡರು, ಹೆಸರಿನ ಹಲಗೆ ಮತ್ತೆ ಹೊಡೆಸಿದರು. ಒಂದೇ ಒಂದು ಮನೆಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಅದು ಅವರು ದಿನಾ ರೊಟ್ಟಿ ಉಣ್ಣುವ ಮನೆ.

“ಅಕ್ಕನಿಗೆ ಹೇಳಿದಿರಾ?” ಎಂದು ನಾನು ಕೇಳುವುದು.

“ಇನ್ನೂ ಗೆಜೆಟ್ ಬರಬೇಕು.”

ಗೆಜೆಟ್ ಬಂತು. “ಈಗ ಹೇಳಿದಿರಾ?”

“ಸುತ್ತೋಲೆ ಬರ್ಲಿ ತಡಿ.”

ಸುತ್ತೋಲೆ ಬಂದಾಗ ಮಳೆ ಹಿಡಿದಿದೆ ಎಂದರು. ಮಳೆ ಬಿಟ್ಟಾಗ ಕೆಮ್ಮು ಎಂದರು. ಮನೆ ಬಿಡಿಸುವುದರಲ್ಲಿ ಇಡೀ ಪುಣೆಗೆ ಹೆಸರಾಗಿದ್ದ ಮನುಷ್ಯನಿಗೆ ತನ್ನನ್ನು ಬಿಡಿಸಿಕೊಳ್ಳುವುದು ಮಾತ್ರ ಬರುತ್ತಿರಲಿಲ್ಲ. ನಾನು ದಿನಾ ಕೆಣಕುತ್ತಿದ್ದೆ, ಆದರೆ ಅವರು ಹೊರಟುಬಿಟ್ಟರೆ ಎಂದು ಒಳಗೊಳಗೇ ನನಗೂ ಹೆದರಿಕೆಯಾಗಿತ್ತು. ನಾರಾಯಣ ಪೇಟೆಯ ಆ ಮಂಚವನ್ನು ನಾನೂ ನೋಡಿದ್ದೆ.

ಕೊನೆಗೆ ತಮ್ಮನೇ ಬಂದುಬಿಟ್ಟ, ನೌಕರಿ ಬಿಟ್ಟು, ಸಾಮಾನು ಸಮೇತ. ಕಲಮು ಹೋದ ಸಂಗತಿಯನ್ನು ಅವನ ಜೊತೆಯವರು ಹೇಳಿದ್ದರು. ನೆಟ್ಟಗೆ ನಮ್ಮ ಕಚೇರಿಗೆ ಬಂದು, ನಾಚಿಕೊಂಡೇ ಕೇಳಿದ, “ಸರ್, ಈಗ ಕಾಯ್ದೆ ಇಲ್ಲಲ್ರಿ. ನಾ ಇನ್ನ ಇಲ್ಲೇ ಇರಾಂವ. ನನ್ನ ಖೋಲಿ...”

“ನಿಂದ ಅದಪಾ. ನಾ ಇವತ್ತ ಬಿಡ್ತೀನಿ” ಎಂದು ಇವರು ಎದ್ದೇಬಿಟ್ಟರು. ಕೋಟಿನ ಒಂದು ತೋಳು ಹಾಕಿಕೊಂಡು ಇನ್ನೊಂದನ್ನು ಮರೆತರು. ಅವರನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ನಾನೂ ರಿಕ್ಷಾ ಹತ್ತಿದೆ.

ಖಡಕಿಗೆ ಹೋದವರೇ ಮೇಲೆ ಹತ್ತಿ, ಟ್ರಂಕು ಕಟ್ಟಿಕೊಂಡು ಇಳಿದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಎದುರು ನಿಂತು, ಅಧಿಕಾರಿಯ ಮುಂದೆ ನಿಂತವರ ಹಾಗೆ ವಿವರಿಸಿದರು. ಇಂಥ ಕಾಯಿದೆ, ಇಂಥ ಕಲಮು, ಇಂಥ ದಿನದಿಂದ ರದ್ದು. ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು. ತಮ್ಮ ಬಾಗಿಲಲ್ಲಿ ನಿಂತಿದ್ದ. ಕೊನೆಯ ರೊಟ್ಟಿ ಹಂಚಿಗೆ ಬಿದ್ದ ಮೇಲೆ ಆಕೆ ಕೈ ಒರೆಸಿಕೊಂಡು ಎದ್ದಳು. ಮಾತಾಡಿದ್ದು ತಮ್ಮನ ಜೊತೆ.

“ತಮ್ಮ ಪಾವಣ್ಯಾ, ಖೋಲಿ ವಕೀಲರದು ಅಂತ ಇವರ ನನ್ನ ಕಡಿಂದ ಬಾಯಿಪಾಠಾ ಮಾಡ್ಸಿದ್ರು. ಸುಳ್ಳ ಹೇಳಬಾರದು, ಮೊದ್ಲ ಖರೆ ಮಾಡಬೇಕು ಅಂದ್ರು. ಇಷ್ಟ ವರ್ಷಾ ಕಷ್ಟಪಟ್ಟು ಖರೇ ಮಾಡೀನಿ. ಈಗ ದಿಲ್ಲ್ಯಾಗ ಯಾವನೋ ಒಂದ್ ಗೆರಿ ಹೊಡದಾ ಅಂತ ಮತ್ತ ಅದನ್ನ ಸುಳ್ಳ ಮಾಡ್ಲೇನು? ಹಿತ್ತಲದಾಗ ಜಾಗಾ ಅದ. ನಿನಗ ಎರಡ್ ಖೋಲಿ ಕಟ್ಟಸ್ತೀನಿ, ಮದವಿ ಮಾಡ್ಕೊಂಡು ಛಂದಾಗಿ ಇರು. ಮ್ಯಾಲಿಂದು ಕೇಳಬ್ಯಾಡ.”

ಅಕ್ಕ ಅವನಿಗೆ ಕುರ್ಚಿ ಎಳೆದು ಹಾಕಿ, ಕಪಾಟಿನಿಂದ ಒಳ್ಳೆಯ ಕಪ್ಪು ತೆಗೆದಳು. “ಕೂಡ್ರಪಾ, ದಣದು ಬಂದಿ. ಸಕ್ರಿ ಎಷ್ಟ ಹಾಕ್ಲಿ?” ಎಂದು ಉಪಚಾರ ಮಾಡಿದಳು. ಆಮೇಲೆ ಇವರ ಕಡೆ ತಿರುಗಿದಳು.

“ನೀವೇನ್ ಗರುಡಗಂಬ ನಿಂತಂಗ ನಿಂತೀರಿ? ಉಣ್ಣೂ ಮಂದಿ ಬರೂ ಹೊತ್ತಿಗೆ ಈ ಟ್ರಂಕ್ ನಡು ಹಾದ್ಯಾಗ ಯಾಕ ಇಟ್ಟೀರಿ? ಯಾರರೆ ಎಡವಿ ಬಿದ್ದ ಕಾಲ್ ಮುರಕೊಂಡ್ರ? ಒಯ್ದು ಮ್ಯಾಲೆ ಇಡ್ರಿ. ಇಟ್ಟು ಗಿರಣಿಗೆ ಹೋಗ್ರಿ, ಜ್ವಾಳದ ಹಿಟ್ಟು ಬೀಸಿ ಆಗೇದ.”

ಇವರು ಟ್ರಂಕಿಗೆ ಕೈ ಹಾಕಿದರು. ಒಳ್ಳೆಯ ಹುಡುಗ ಪಾಪ, ಕಪ್ಪು ಕೆಳಗಿಟ್ಟು ಇನ್ನೊಂದು ಕಡೆ ಹಿಡಿಯಲು ಎದ್ದು ಬಂದ. ಇವರು ಅವನ ಕೈ ಸರಿಸಿದರು.

“ನೀ ಕೂಡು. ಪಾವಣೇರ ಕಡಿಂದ ಟ್ರಂಕ್ ಹೊರಸಬಾರದು” ಎಂದು ಅದನ್ನು ಹೆಗಲಿಗೇರಿಸಿ, ಕೋಟಿನ ಖಾಲಿ ತೋಳು ಬೆನ್ನ ಹಿಂದೆ ಜೋಲಾಡುತ್ತಿರಲು, ಎಲ್ಲೂ ನಿಲ್ಲದೆ ಮೇಲಿನ ಮೆಟ್ಟಿಲವರೆಗೂ ಹತ್ತಿಹೋದರು.